‘ಬೇಡ’ ಎಂದು ಮತ ಹಾಕಿದ ಊರಿಗೆ ಟ್ರಾಮ್ ಬಂದದ್ದು ಹೇಗೆ?

ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಟ್ರಾಮ್ ವಿಷಯ ಎರಡು ಸಲ ಮತದಾನಕ್ಕೆ ಬಂತು. ಎರಡೂ ಸಲ ಗೆದ್ದದ್ದು ‘ಬೇಡ’. ಹಾಗಾದರೆ ಜನರ ಮಾತು ಮೀರಿ ಹಳಿ ಹಾಕಿದರೇ?

ಇಲ್ಲ. ಗೊಂದಲ ಇರುವುದು ಪ್ರಶ್ನೆಯಲ್ಲಿ. ಪ್ರಯಾಣಿಕರ ರೈಲಿಗೆ ನಗರಾಡಳಿತ ಹಣ ಖರ್ಚು ಮಾಡುವ ಮೊದಲು ಜನಮತ ಕಡ್ಡಾಯವಾಗಬೇಕೇ ಎಂದು 2009ರಲ್ಲಿ ಕೇಳಿದರು. 2011ರ ಪ್ರಶ್ನೆ ಇನ್ನೂ ಬಿಗಿ: 2020ರ ಕೊನೆಯವರೆಗೆ ಟ್ರಾಮಿಗೆ ಖರ್ಚು ಮಾಡುವುದನ್ನೇ ನಿಷೇಧಿಸಬೇಕೇ? ಎರಡರ ಹಿಂದೆಯೂ ಇದ್ದವರು ಟ್ರಾಮ್ ವಿರೋಧಿಗಳು. ಅಂದರೆ ‘ಬೇಡ’ ಎಂದವರು ಬೇಡವೆಂದದ್ದು ಆ ನಿರ್ಬಂಧವನ್ನು, ಟ್ರಾಮನ್ನಲ್ಲ. (ಮನೆಯಲ್ಲಿ ಕೂತು ಓದಿದರೇ ತಲೆ ತಿರುಗುತ್ತದೆ, ಮತಗಟ್ಟೆಯಲ್ಲಿ ನಿಂತವರ ಪಾಡು ಕೇಳಬೇಕೇ!)

ಹಾಗೆಂದು ಊರಿಗೆ ಊರೇ ಟ್ರಾಮ್ ಪರ ಇತ್ತು ಎನ್ನುವುದೂ ತಪ್ಪು. 2009ರ ಪ್ರಶ್ನೆ ಎಲ್ಲ ಬಗೆಯ ಪ್ರಯಾಣಿಕ ರೈಲಿಗೂ ಸಂಬಂಧಿಸಿತ್ತು. 2011ರಲ್ಲಿ ಅಂತರ ತೀರಾ ಕಡಿಮೆ. 2013ರಲ್ಲಂತೂ ಟ್ರಾಮ್ ವಿರೋಧಿಯೇ ಮೇಯರ್ ಆದರು. ಡಿಸೆಂಬರಿನಲ್ಲಿ ಕೆಲಸ ನಿಂತಿತು. ಅಷ್ಟರಲ್ಲಿ ರಸ್ತೆ ಅಗೆದಾಗಿತ್ತು. ಲೆಕ್ಕ ಹಾಕಿದರೆ ನಿಲ್ಲಿಸುವುದಕ್ಕೂ ಕೋಟಿಗಟ್ಟಲೆ ಡಾಲರ್ ಬೇಕಿತ್ತು. ಅದೇ ತಿಂಗಳು ನಗರ ಪರಿಷತ್ತು 6–3 ಮತಗಳಿಂದ ಕೆಲಸ ಮುಂದುವರಿಸಿತು. 2016ರ ಸೆಪ್ಟೆಂಬರ್ 9ರಂದು ಟ್ರಾಮ್ ಓಡಿತು. 2020ರಿಂದ ಅದಕ್ಕೆ ಟಿಕೆಟ್ಟೂ ಇಲ್ಲ.