ಒಂದು ಸಕ್ಕರೆ ಹರಳು, ಎಂಟು ಟ್ಯಾಂಕರ್

ಯಲಹಂಕದ ಯಾವುದೇ ಕಿರಾಣಿ ಅಂಗಡಿ ಮುಂದೆ ಬಿಸಿಲಿಗೆ ಸಾಲಾಗಿ ನಿಂತ ನೀಲಿ ವಾಟರ್ ಕ್ಯಾನುಗಳಲ್ಲಿ ಒಂದರ ತಳ ನೋಡಿ. ತ್ರಿಕೋನದೊಳಗೆ 7 ಎಂದಿದ್ದರೆ ಅದು ಬಹುಮಟ್ಟಿಗೆ ಪಾಲಿಕಾರ್ಬೊನೇಟ್. ಅದನ್ನು ಕಟ್ಟುವ ಇಟ್ಟಿಗೆಯೇ ಬಿಸ್ಫಿನಾಲ್-ಎ, ಅಂದರೆ ಬಿಪಿಎ. ಅದು ಈಸ್ಟ್ರೊಜೆನ್ ಹಾರ್ಮೋನಿನಂತೆ ವರ್ತಿಸುತ್ತದೆಂದು ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಡಾಡ್ಸ್ 1936ರಲ್ಲೇ ಕಂಡಿದ್ದರು, ಆ ಪ್ಲಾಸ್ಟಿಕ್ ಹುಟ್ಟುವ ಮೊದಲೇ!

ದೇಹದ ಒಂದೊಂದು ಕಿಲೋಗೆ ದಿನಕ್ಕೆ 4 ಮೈಕ್ರೊಗ್ರಾಂ ಬಿಪಿಎ ಹೊಟ್ಟೆಗೆ ಹೋದರೂ ಚಿಂತೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿತ್ತು. 2023ರ ಏಪ್ರಿಲ್‌ನಲ್ಲಿ ಅದೇ ಪ್ರಾಧಿಕಾರ 0.2 ನ್ಯಾನೊಗ್ರಾಂಗೆ ಇಳಿಯಿತು. 20,000 ಪಟ್ಟು ಕಡಿತ. (ಇಳಿಸಿದ್ದು ಇಲಿಗಳ ರೋಗನಿರೋಧಕ ಕಣಗಳಲ್ಲಿ ಕಂಡ ಬದಲಾವಣೆ ನೋಡಿ, ಹಾರ್ಮೋನಿನ ಲೆಕ್ಕದಿಂದಲ್ಲ.)

ಸೊನ್ನೆಗಳು ಮನಸ್ಸಿಗಿಳಿಯುವುದಿಲ್ಲ, ಸಕ್ಕರೆ ಡಬ್ಬಿ ತೆಗೆಯೋಣ. ಪುಟ್ಟ ಹರಳೊಂದು 0.6 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಅಷ್ಟೇ ತೂಕದ ಬಿಪಿಎ, 60 ಕಿಲೋ ತೂಗುವವರಿಗೆ ಹಳೇ ಲೆಕ್ಕದಲ್ಲಿ ಎರಡೂವರೆ ದಿನದ ಪಾಲು. ಹೊಸ ಲೆಕ್ಕದಲ್ಲಿ 137 ವರ್ಷದ್ದು. ಬೇಸಿಗೆಯಲ್ಲಿ ನಮ್ಮ ಲೇಔಟಿಗೆ ಬರುವ ಟ್ಯಾಂಕರ್ 12,000 ಲೀಟರಿನದು. ಅಂಥ ಎಂಟು ಟ್ಯಾಂಕರಿಗೆ ಆ ಒಂದೇ ಹರಳು ಕದಡಿದರೆ ಸಾಕು, ದಿನಕ್ಕೆರಡು ಲೀಟರ್ ಕುಡಿದವರು ಗೆರೆ ಮುಟ್ಟುತ್ತಾರೆ.

ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಯುರೋಪಿನ ಈ ಹೊಸ ಮಿತಿಯನ್ನೊಪ್ಪದೆ ದೇಹದ ಕಿಲೋಗೆ ದಿನಕ್ಕೆ 200 ನ್ಯಾನೊಗ್ರಾಂ ಎಂದಿತು. ಆಗಲಿ, ಅವರ ಮಾತೇ ಸರಿಯಿರಲಿ; ಆಗಲೂ ನಮ್ಮ ಹರಳು 50 ದಿನಕ್ಕಾಗುತ್ತದೆ.

ಇಷ್ಟು ಚಿಲ್ಲರೆಗೆ ಇಷ್ಟು ಗಲಾಟೆಯೇ? ಹಾರ್ಮೋನುಗಳ ವ್ಯವಹಾರವೇ ಚಿಲ್ಲರೆಯದು. ಗಂಡಸಿನ ಐದು ಲೀಟರ್ ರಕ್ತದಲ್ಲಿ ಓಡಾಡುವ ಈಸ್ಟ್ರಡಯಾಲನ್ನೆಲ್ಲ ಒಟ್ಟುಮಾಡಿದರೂ ಸಾಮಾನ್ಯವಾಗಿ 200 ನ್ಯಾನೊಗ್ರಾಂ ದಾಟದು, ಅಂದರೆ ಆ ಹರಳಿನ ಮೂರು ಸಾವಿರದ ಒಂದು ಪಾಲು. ಬಿಪಿಎ ಅದಕ್ಕಿಂತ ಬಹಳ ದುರ್ಬಲ, ನಿಜ.

ಆದರೂ ನನ್ನನ್ನು ಕಾಡುವುದು ಕ್ಯಾನ್ ತೊಳೆಯುವ ಕೆಲಸ. 1998ರಲ್ಲಿ ಅಮೆರಿಕದ ಪೆಟ್ರೀಷಿಯಾ ಹಂಟ್ ಅವರ ಪ್ರಯೋಗಾಲಯದಲ್ಲಿ ಯಾರೋ ಇಲಿಗಳ ಪಾಲಿಕಾರ್ಬೊನೇಟ್ ಪಂಜರ, ನೀರಿನ ಬಾಟಲಿಗಳನ್ನು ನೆಲ ತೊಳೆಯುವ ಕ್ಷಾರದ ಸೋಪಿನಲ್ಲಿ ತಿಕ್ಕಿದರು. ಪ್ಲಾಸ್ಟಿಕ್ ಮಂಕಾಗಿ ಅದರಿಂದ ಬಿಪಿಎ ಸೋರಿತು. ಶೇ. 1–2ರಷ್ಟಿರುತ್ತಿದ್ದ ದೋಷಯುಕ್ತ ಅಂಡಾಣುಗಳು ಶೇ. 40ಕ್ಕೇರಿದವು. ಹೆಬ್ಬಾಳದಿಂದ ಯಶವಂತಪುರದವರೆಗೆ ಗೂಡ್ಸ್ ಆಟೊದಲ್ಲಿ ಕುಲುಕಾಡಿ, ತೊಳೆಸಿಕೊಂಡು, ಮತ್ತೆ ತುಂಬಿಸಿಕೊಂಡು ಬರುವ ಕ್ಯಾನುಗಳೂ ಹಾಗೇ ಮಂಕಾಗಿರುತ್ತವೆ, ಮೈಯೆಲ್ಲ ಗೀರು.

ನಮ್ಮಲ್ಲಿ 2015ರ ಬಿಐಎಸ್ ಮಾನಕ ಕೂಸಿನ ಹಾಲಿನ ಬಾಟಲಿಗೆ ಪಾಲಿಕಾರ್ಬೊನೇಟ್ ಕೂಡದೆನ್ನುತ್ತದೆ. ಪುಡಿ ಹಾಲು ಕಲಸಲು ನೀರು ಮಾತ್ರ ಕ್ಯಾನಿನದೇ.