ಕಂಪನಿಯ ಜ್ಞಾನಭಂಡಾರಕ್ಕೆ ಯಾವ ತಂತ್ರಾಂಶ ಹಿತ?

ನಡುರಾತ್ರಿ ಎರಡು ಗಂಟೆ. ಕಂಪನಿಯ ಸರ್ವರ್ ಸ್ತಬ್ಧವಾಗಿದೆ. ಅದನ್ನು ಮರಳಿ ಚಾಲನೆಗೊಳಿಸುವ ಬಗೆಯನ್ನು ಬಲ್ಲ ಎಂಜಿನಿಯರ್ ಮೂರು ತಿಂಗಳ ಹಿಂದೆಯೇ ಬೇರೆ ಸಂಸ್ಥೆ ಸೇರಿದ್ದಾರೆ. ಅವರು ಬರೆದಿಟ್ಟ ಸೂಚನೆಗಳು ಇರುವುದೇನೋ ನಿಜ. ಆದರೆ ಎಲ್ಲಿ? ಹಳೆಯ ಇ-ಮೇಲ್‌ನಲ್ಲೋ, ಯಾರದೋ ಲ್ಯಾಪ್‌ಟಾಪ್‌ನ ವರ್ಡ್ ಕಡತದಲ್ಲೋ, ಚಾಟ್ ಸಂದೇಶಗಳ ರಾಶಿಯಲ್ಲೋ? ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ವಲಯದಲ್ಲಿ ದುಡಿಯುವವರಿಗೆ ಈ ದೃಶ್ಯ ಅಪರಿಚಿತವಲ್ಲ.

ಇಂಥ ಪೇಚಾಟ ತಪ್ಪಿಸಲೆಂದೇ ಕಂಪನಿಗಳು ಆಂತರಿಕ ಜ್ಞಾನಭಂಡಾರವೊಂದನ್ನು ಕಟ್ಟಿಕೊಳ್ಳುತ್ತವೆ. ಅದಕ್ಕೆ ಯಾವ ತಂತ್ರಾಂಶ ಆರಿಸಬೇಕೆಂಬ ಚರ್ಚೆ ಸಾಮಾನ್ಯವಾಗಿ ಬೆಲೆಯಿಂದ ಆರಂಭವಾಗಿ ಬೆಲೆಯಲ್ಲೇ ಮುಗಿಯುತ್ತದೆ. ನಿಜವಾದ ಪ್ರಶ್ನೆಗಳು ಬೇರೆಯೇ ಇವೆ.

ಈ ಬಗೆಯ ತಂತ್ರಾಂಶಗಳ ಮೂಲಪುರುಷ ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್. ಯಾರು ಬೇಕಾದರೂ ಬ್ರೌಸರ್‌ನಲ್ಲೇ ಪುಟ ತೆರೆದು ತಿದ್ದಬಹುದಾದ ತಾಣವನ್ನು ಅವರು 1995ರಲ್ಲಿ ಆರಂಭಿಸಿದರು. ಹವಾಯಿ ಭಾಷೆಯಲ್ಲಿ 'ವಿಕಿ' ಎಂದರೆ ಬೇಗ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರಿನಿಂದ ಅವರು ಈ ಪದವನ್ನು ಎತ್ತಿಕೊಂಡರು. 2001ರಲ್ಲಿ ವಿಕಿಪೀಡಿಯ ಬಂದ ನಂತರ ಆ ಪದ ಮನೆಮಾತಾಯಿತು.

ಕನ್ನಡ ವಿಕಿಪೀಡಿಯವೂ ಸೇರಿದಂತೆ ಆ ವಿಶ್ವಕೋಶದ ಎಲ್ಲ ಆವೃತ್ತಿಗಳನ್ನು ನಡೆಸುವ ಮೀಡಿಯಾವಿಕಿ ಉಚಿತ. ಎಷ್ಟೇ ಪುಟಗಳಿದ್ದರೂ ಅದು ತಾಳಿಕೊಳ್ಳುತ್ತದೆ. ಹಾಗೆಂದು ಅದೇ ಸಾಕೆಂದು ಮುನ್ನುಗ್ಗುವುದು ಜಾಣತನವಲ್ಲ. ಎಲ್ಲರೂ ಎಲ್ಲವನ್ನೂ ಓದಲಿ ಎಂಬ ಆಶಯದಿಂದ ರೂಪುಗೊಂಡ ತಂತ್ರಾಂಶವದು. ಇಂತಿಂಥ ಪುಟ ಇಂತಿಂಥವರಿಗೆ ಮಾತ್ರ ಎಂಬ ನಿರ್ಬಂಧಕ್ಕೆ ಅದನ್ನು ನಂಬಬಾರದೆಂದು ಅದರ ನಿರ್ಮಾತೃಗಳೇ ಎಚ್ಚರಿಸಿದ್ದಾರೆ. ವೇತನದ ವಿವರ, ಗ್ರಾಹಕರ ಒಪ್ಪಂದ ಮುಂತಾದವನ್ನು ಅದರಲ್ಲಿ ಇಡಲು ಹೊರಟವರು ಇದನ್ನು ಮರೆಯಕೂಡದು. (ಪಾಸ್‌ವರ್ಡ್‌ಗಳನ್ನಂತೂ ಯಾವ ವಿಕಿಯಲ್ಲೂ ಬರೆದಿಡಬಾರದು. ಆದರೂ ಬರೆದಿಡುವವರಿಗೆ ಬರವಿಲ್ಲ!)

ಪುಟವಾರು ಅನುಮತಿ ಬೇಕಾದ ಸಣ್ಣ ಕಂಪನಿಗಳಿಗೆ ಡೋಕುವಿಕಿ ಒಪ್ಪುತ್ತದೆ. 2004ರಿಂದ ಲಭ್ಯವಿರುವ ಈ ಮುಕ್ತ ತಂತ್ರಾಂಶಕ್ಕೆ ಡೇಟಾಬೇಸ್ ಬೇಕಿಲ್ಲ. ಪ್ರತಿ ಪುಟವೂ ಒಂದು ಸಾದಾ ಪಠ್ಯ ಕಡತ. ಮೇಲ್ನೋಟಕ್ಕೆ ಇದು ಹಳೆಯ ಕಾಲದ ಪದ್ಧತಿಯಂತೆ ಕಾಣಬಹುದು. ಆದರೆ ನಡುರಾತ್ರಿಯ ಆ ಸರ್ವರನ್ನು ನೆನೆಯಿರಿ. ಜ್ಞಾನಭಂಡಾರವೂ ಅದೇ ಯಂತ್ರದಲ್ಲಿದ್ದರೆ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಜಡಿದಂತಾಗುತ್ತದೆ. ಪಠ್ಯ ಕಡತಗಳಾದರೆ ಅವುಗಳ ಪ್ರತಿಯೊಂದನ್ನು ದಿನವೂ ಬೇರೊಂದು ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಬಹುದು. ವಿಕಿಯೇ ಕೆಟ್ಟರೂ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಇನ್ನು ವಿಕಿಯ ಸಂಕೇತಭಾಷೆ ಕಲಿಯಲು ಬೇಸರಪಡುವ ಸಿಬ್ಬಂದಿಗೆ ಪುಸ್ತಕ, ಅಧ್ಯಾಯ, ಪುಟ ಎಂದು ವಿಂಗಡಿಸಿಕೊಡುವ ಬುಕ್‌ಸ್ಟ್ಯಾಕ್ ಸುಲಭವೆನಿಸೀತು. ಅದೂ ಉಚಿತ.

ಹಣ ತೆತ್ತು ಕೊಳ್ಳುವವರಲ್ಲಿ ಅನೇಕರು ಆಸ್ಟ್ರೇಲಿಯಾದ ಅಟ್ಲಾಸಿಯನ್ ಸಂಸ್ಥೆಯ ಕಾನ್‌ಫ್ಲುಯೆನ್ಸ್‌ನತ್ತ ವಾಲುತ್ತಾರೆ. ಬರೆಯಲು ಸುಲಭ, ಅನುಮತಿ ವ್ಯವಸ್ಥೆ ಬಿಗಿ, ಅದೇ ಸಂಸ್ಥೆಯ ಜಿರಾದೊಂದಿಗೆ ಉತ್ತಮ ಹೊಂದಾಣಿಕೆ. ಆದರೆ ಕೊಳ್ಳುವವರ ಇಚ್ಛೆಯಂತೆಯೇ ಎಲ್ಲವೂ ನಡೆಯದು. ಕಂಪನಿಗಳು ತಮ್ಮದೇ ಯಂತ್ರದಲ್ಲಿ ಸ್ಥಾಪಿಸಿಕೊಳ್ಳುತ್ತಿದ್ದ 'ಸರ್ವರ್' ಆವೃತ್ತಿಯ ಹೊಸ ಪರವಾನಗಿ ಮಾರಾಟವನ್ನು ಸಂಸ್ಥೆ 2021ರ ಫೆಬ್ರುವರಿಯಲ್ಲಿ ನಿಲ್ಲಿಸಿತು. 2024ರ ಫೆಬ್ರುವರಿಯಲ್ಲಿ ಅದರ ಬೆಂಬಲವೂ ಕೊನೆಗೊಂಡಿತು.

ಹಾಗಾದರೆ ಕ್ಲೌಡ್ ಸೇವೆಯೇ ನಿಶ್ಚಿಂತೆಯೇ? 2022ರ ಏಪ್ರಿಲ್‌ನಲ್ಲಿ ನಡೆದದ್ದನ್ನು ನೋಡಿ. ಬಳಕೆಯಿಲ್ಲದ ಹಳೆಯ ಆ್ಯಪ್ ಒಂದನ್ನು ತೆಗೆಯಲು ಅಟ್ಲಾಸಿಯನ್ ಸಿಬ್ಬಂದಿ ಓಡಿಸಿದ ಸ್ಕ್ರಿಪ್ಟ್‌ಗೆ ತಪ್ಪು ಗುರುತುಸಂಖ್ಯೆಗಳು ಹೋಗಿ, ಗ್ರಾಹಕರ ತಾಣಗಳೇ ಅಳಿಸಿಹೋದವು. ಸುಮಾರು 775 ಗ್ರಾಹಕರು ತೊಂದರೆಗೊಳಗಾದರು. ಬ್ಯಾಕಪ್ ಇದ್ದರೂ ಕೆಲವರಿಗೆ ಪುಟಗಳು ಮರಳಿ ದೊರೆಯಲು 14 ದಿನ ಹಿಡಿಯಿತು. ಸ್ವಂತ ಯಂತ್ರದವರೂ ಬೀಗಬೇಕಿಲ್ಲ. ಅದೇ ವರ್ಷ ಜೂನ್‌ನಲ್ಲಿ ಕಾನ್‌ಫ್ಲುಯೆನ್ಸ್‌ನಲ್ಲಿ ಪತ್ತೆಯಾದ ಗಂಭೀರ ಭದ್ರತಾ ದೋಷವು, ಲಾಗಿನ್ ಆಗದೆಯೇ ಯಂತ್ರದ ಮೇಲೆ ಹಿಡಿತ ಸಾಧಿಸಲು ದಾಳಿಕೋರರಿಗೆ ದಾರಿ ಮಾಡಿಕೊಟ್ಟಿತ್ತು. ತೊಂದರೆಗೀಡಾದದ್ದು ಕ್ಲೌಡ್ ಅಲ್ಲ, ಸ್ವಂತ ಯಂತ್ರದಲ್ಲಿದ್ದ ಆವೃತ್ತಿಗಳು. ದುರಸ್ತಿ ತೇಪೆಯನ್ನು ಒಡನೆಯೇ ಹಾಕಲು ಸಿಬ್ಬಂದಿಯಿಲ್ಲದ ಕಂಪನಿ ಸ್ವಂತ ಸರ್ವರ್ ಇಟ್ಟುಕೊಂಡು ಪ್ರಯೋಜನವಿಲ್ಲ.

ಆದ್ದರಿಂದ ಒಳಬರುವ ಬಾಗಿಲಿಗಿಂತ ಹೊರಹೋಗುವ ಬಾಗಿಲನ್ನು ಮೊದಲು ಪರೀಕ್ಷಿಸುವುದು ಕ್ಷೇಮ. ಕೊಳ್ಳುವ ಮುನ್ನ ಕಂಪನಿಯ ಅತ್ಯಂತ ಜಟಿಲವಾದ ಹತ್ತು ಪುಟಗಳನ್ನು, ಕೋಷ್ಟಕ, ನಕ್ಷೆ, ಪ್ರೋಗ್ರಾಂ ಸಾಲುಗಳಿರುವಂಥವನ್ನು, ಪ್ರಾಯೋಗಿಕ ಆವೃತ್ತಿಯಲ್ಲಿ ಹಾಕಿ ಮತ್ತೆ ಹೊರತೆಗೆದು ನೋಡಬೇಕು. ಪಠ್ಯ ಹೇಗೋ ಉಳಿದುಕೊಳ್ಳುತ್ತದೆ. ಮುರಿಯುವುದು ಪುಟದಿಂದ ಪುಟಕ್ಕಿರುವ ಕೊಂಡಿಗಳು, ಲಗತ್ತಿಸಿದ ಚಿತ್ರಗಳು, ಆಯಾ ತಂತ್ರಾಂಶಕ್ಕಷ್ಟೇ ಅರ್ಥವಾಗುವ ಮ್ಯಾಕ್ರೋಗಳು. ಹಳೆಯ ತಿದ್ದುಪಡಿಗಳ ಇತಿಹಾಸವೂ ಜೊತೆಗೆ ಬರುತ್ತದೆಯೇ, ಯಾರು ಯಾವಾಗ ಏನನ್ನು ಬದಲಿಸಿದರು ಎಂಬುದು ತಿಳಿಯುತ್ತದೆಯೇ ಎಂಬುದನ್ನೂ ಆಗಲೇ ಖಚಿತಪಡಿಸಿಕೊಳ್ಳಬೇಕು. ಈ ಪರೀಕ್ಷೆಗೆ ಒಬ್ಬ ಎಂಜಿನಿಯರ್‌ನ ಒಂದೆರಡು ದಿನದ ದುಡಿಮೆ ಸಾಕು.