ಹಾಳೆಯ ಮೇಲಿನ ಕಪ್ಪು ಚುಕ್ಕೆ ಎಲ್ಲಿಂದ ಬಂತು?

ಮಕ್ಕಳೇ, ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ‘2.5 ಮೀಟರ್ ಉದ್ದದ ಹಗ್ಗ’ ಎಂದು ಮುದ್ರಣವಾಗಿದೆ ಎಂದುಕೊಳ್ಳಿ. ಶಿಕ್ಷಕರು ಬರೆದಿದ್ದು 25 ಮೀಟರ್. ನಡುವಿನ ಚುಕ್ಕೆಯನ್ನು ಹಾಕಿದ್ದು ಯಂತ್ರ! ಇನ್ನೊಂದು ಹಾಳೆಯಲ್ಲಿ ‘ಧನ’ ಎಂಬ ಪದದ ಕೆಳಗಿನ ಸಣ್ಣ ಗೀಟು ಮೂಡದೆ ‘ದನ’ ಆಗಿಬಿಟ್ಟಿದೆ. ಓದುವವರಿಗೆ ನಗು, ಮುದ್ರಿಸಿದವರಿಗೆ ನಷ್ಟ. 500 ಪ್ರತಿ ತೆಗೆದ ಮೇಲೆ ಗಮನಕ್ಕೆ ಬಂದರೆ 500 ಹಾಳೆಯೂ ರದ್ದಿಗೆ.

ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ಸಾರಕ್ಕಿ ದಾಟಿ ಯಲಚೇನಹಳ್ಳಿಯ ಕಡೆಗೆ ಹೊರಟರೆ ಜರಗನಹಳ್ಳಿ ಸಿಗುತ್ತದೆ. ಹೆಸರಿನಲ್ಲಿ ಹಳ್ಳಿ ಉಳಿದಿದೆ, ಊರು ಮಾತ್ರ ನಗರದೊಳಗೆ ಸೇರಿಹೋಗಿದೆ. ಇಂಥ ಬಡಾವಣೆಯ ಜೆರಾಕ್ಸ್ ಅಂಗಡಿಯ ಚಿಕ್ಕ ಯಂತ್ರಕ್ಕೂ, ಪುಸ್ತಕಗಳನ್ನೂ ಆಮಂತ್ರಣ ಪತ್ರಿಕೆಗಳನ್ನೂ ಸಾವಿರಗಟ್ಟಲೆ ಮುದ್ರಿಸುವ, ಟೋನರ್ ಬಳಸುವ ಡಿಜಿಟಲ್ ಪ್ರೆಸ್ಸಿಗೂ ಕೆಲಸದ ತತ್ವ ಒಂದೇ. ಅದನ್ನು ನೀವು ಆಗಲೇ ಬಲ್ಲಿರಿ. ಒಣಗಿದ ತಲೆ ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುತ್ತದಲ್ಲವೇ? ಅದೇ ಸ್ಥಿರ ವಿದ್ಯುತ್ತು.

ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ಗಂಧಕ ಬಳಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ, ಅದರ ಮೇಲೆ ಬರಹವಿದ್ದ ಗಾಜಿನ ಮೂಲಕ ಬೆಳಕು ಬಿಟ್ಟು, ನುಣ್ಣನೆಯ ಪುಡಿ ಉದುರಿಸಿದರು. ಬರಹ ಪುಡಿಯಲ್ಲಿ ಮೂಡಿತು! ಅದನ್ನು ಮೇಣದ ಕಾಗದಕ್ಕೆ ಇಳಿಸಿಕೊಂಡರು. ಇಂದಿನ ಯಂತ್ರಗಳೂ ಮಾಡುವುದು ಹೆಚ್ಚು ಕಡಿಮೆ ಇದನ್ನೇ.

ಯಂತ್ರದೊಳಗೆ ಡ್ರಮ್ ಎಂಬ ಉರುಳೆಯಿದೆ. ಅದು ಅಲ್ಯೂಮಿನಿಯಂ ಕೊಳವೆ. ಅದರ ಮೇಲಿನ ಲೇಪ ಕತ್ತಲಲ್ಲಿ ಅವಾಹಕ, ಬೆಳಕು ಬಿದ್ದಲ್ಲಿ ವಾಹಕ. ಮೊದಲು ಡ್ರಮ್ಮಿನ ಮೈತುಂಬ ಋಣ ಆವೇಶ ಕೊಡುತ್ತಾರೆ. ಅಕ್ಷರ ಬರಬೇಕಾದ ಕಡೆ ಮಾತ್ರ ಲೇಸರ್ ಬೆಳಕು ಬೀಳುತ್ತದೆ. ಅಲ್ಲಿನ ಆವೇಶ ಅಲ್ಯೂಮಿನಿಯಂಗೆ ಇಳಿದುಹೋಗುತ್ತದೆ. ಟೋನರ್ ಪುಡಿಯೂ ಋಣ ಆವೇಶದ್ದೇ. ಸಜಾತಿಯ ಆವೇಶಗಳು ವಿಕರ್ಷಿಸುತ್ತವೆ ಎಂದು ಓದಿದ್ದೀರಲ್ಲ? ಹಾಗಾಗಿ ಪುಡಿ ಬೇರೆಲ್ಲ ಕಡೆಯಿಂದ ದೂರ ಸರಿದು, ಬೆಳಕು ಬಿದ್ದ ಜಾಗಕ್ಕೆ ಅಂಟುತ್ತದೆ. ಕಾಗದದ ಬೆನ್ನಿಗೆ ಧನ ಆವೇಶ (‘ದನ’ ಅಲ್ಲ!) ಕೊಟ್ಟಾಗ ಪುಡಿ ಕಾಗದಕ್ಕೆ ಹಾರುತ್ತದೆ. ಕೊನೆಗೆ ಬಿಸಿ ಉರುಳೆ ಅದನ್ನು ಕರಗಿಸಿ ಒತ್ತುತ್ತದೆ. ಟೋನರ್ ಶಾಯಿಯಲ್ಲ, ಬಣ್ಣ ಬೆರೆತ ಪ್ಲಾಸ್ಟಿಕ್ಕಿನ ಪುಡಿ. ಯಂತ್ರದಿಂದ ಈಗತಾನೆ ಹೊರಬಂದ ಹಾಳೆ ಬೆಚ್ಚಗಿರುವುದು ಇದಕ್ಕೇ.

ಕಲೆ ಬಂದಾಗ ಅನುಭವಿ ಕೆಲಸಗಾರರು ತಟ್ಟನೆ ಯಂತ್ರ ಬಿಚ್ಚುವುದಿಲ್ಲ. ಮೊದಲು ಹಾಳೆ ನೋಡುತ್ತಾರೆ. ನಕಲು ತೆಗೆದ ಹಾಳೆಯಲ್ಲಿ ಕಲೆಯಿದ್ದು, ಕಂಪ್ಯೂಟರಿನಿಂದ ನೇರವಾಗಿ ಮುದ್ರಿಸಿದ ಹಾಳೆ ಶುದ್ಧವಾಗಿದ್ದರೆ ಡ್ರಮ್ಮಿನ ತಪ್ಪಿಲ್ಲ, ಮೇಲಿನ ಗಾಜು ಕೊಳೆಯಾಗಿದೆ. ಹಾಳೆಗಳನ್ನು ತಾನೇ ಎಳೆದುಕೊಂಡು ಓದುವ ಯಂತ್ರದಲ್ಲಿ ಗಾಜಿನ ಮೇಲೆ ವೈಟ್ನರಿನ ಒಂದು ಹನಿ ಒಣಗಿದ್ದರೂ ಪ್ರತಿಯಲ್ಲಿ ಉದ್ದನೆಯ ಗೆರೆ ಬರುತ್ತದೆ. ಹನಿ ನಿಂತಲ್ಲೇ ಇದೆ, ಹಾಳೆ ಚಲಿಸುತ್ತಿದೆ. ಸೀಮೆಸುಣ್ಣವನ್ನು ಅಲುಗಾಡದಂತೆ ಹಿಡಿದು ಅದರ ಕೆಳಗೆ ಸ್ಲೇಟನ್ನು ಎಳೆದು ನೋಡಿ, ಅರ್ಥವಾಗುತ್ತದೆ. ಲೇಸರ್ ಹಾಯುವ ಗಾಜಿನ ಮೇಲೆ ಧೂಳು ಕೂತರೆ ಮಾತ್ರ ಗೆರೆ ಬಿಳಿ. ಬೆಳಕು ತಲುಪದ ಕಡೆ ಪುಡಿ ಅಂಟುವುದಿಲ್ಲವಲ್ಲ!

ಚುಕ್ಕೆ ಸಮ ಅಂತರದಲ್ಲಿ ಮತ್ತೆ ಮತ್ತೆ ಬಂದರೆ? ನನಗೆ ಬಹಳ ಇಷ್ಟವಾದ ಭಾಗ ಇದು, ಏಕೆಂದರೆ ಇಲ್ಲಿ ನಿಮ್ಮ ಗಣಿತ ಪುಸ್ತಕವೇ ರಿಪೇರಿಯ ಪುಸ್ತಕ. ಸುತ್ತುವ ಉರುಳೆಯ ಮೇಲೆ ಒಂದು ಗಾಯವಿದ್ದರೆ ಅದು ಪ್ರತಿ ಸುತ್ತಿಗೊಮ್ಮೆ ಹಾಳೆಯನ್ನು ಮುಟ್ಟುತ್ತದೆ. ಆದ್ದರಿಂದ ಎರಡು ಚುಕ್ಕೆಗಳ ನಡುವಿನ ದೂರ ಎಂದರೆ ಆ ಉರುಳೆಯ ಪರಿಧಿ. ಪರಿಧಿ = ವ್ಯಾಸ × 22/7. ವ್ಯಾಸ 30 ಮಿ.ಮೀ. ಇದ್ದರೆ ಪರಿಧಿ ಸುಮಾರು 94 ಮಿ.ಮೀ. 297 ಮಿ.ಮೀ. ಉದ್ದದ ಎ4 ಹಾಳೆಯಲ್ಲಿ ಚುಕ್ಕೆ ಕನಿಷ್ಠ ಮೂರು ಕಡೆ ಕಾಣುತ್ತದೆ. ದೊಡ್ಡ ಪ್ರೆಸ್ಸಿನಲ್ಲಿ ಡ್ರಮ್ ದಪ್ಪ. 84 ಮಿ.ಮೀ. ವ್ಯಾಸವಿದ್ದರೆ ಪರಿಧಿ 264 ಮಿ.ಮೀ. ಆಗ ಒಂದು ಹಾಳೆಯಲ್ಲಿ ಒಂದೇ ಚುಕ್ಕೆ ಬೀಳಬಹುದು, ಅದರ ಜಾಗವೂ ಹಾಳೆಯಿಂದ ಹಾಳೆಗೆ ಸರಿಯಬಹುದು. ಒಂದೇ ಹಾಳೆ ನೋಡಿದರೆ ಸುಳಿವು ಸಿಗದು, ಹಲವು ಹಾಳೆಗಳನ್ನು ಸಾಲಾಗಿ ಹರಡಬೇಕು. ಯಂತ್ರದಲ್ಲಿ ಬೇರೆ ಬೇರೆ ವ್ಯಾಸದ ಉರುಳೆಗಳಿರುವುದರಿಂದ ದೂರ ಅಳೆದರೆ ಯಾವ ಉರುಳೆ ಕೆಟ್ಟಿದೆ ಎಂದು ತಿಳಿಯುತ್ತದೆ. ಅಳತೆಪಟ್ಟಿಯೊಂದೇ ಸಾಕು!

ಎಲ್ಲ ತಪ್ಪೂ ಯಂತ್ರದ್ದಲ್ಲ. ಮಳೆಗಾಲದಲ್ಲಿ ಬಿಚ್ಚಿಟ್ಟ ಕಾಗದ ಗಾಳಿಯ ತೇವ ಹೀರುತ್ತದೆ. ತೇವದ ಕಾಗದದಲ್ಲಿ ಆವೇಶ ನಿಲ್ಲದೆ ಸೋರಿಹೋಗುತ್ತದೆ, ಪುಡಿ ಸರಿಯಾಗಿ ಹಾರುವುದಿಲ್ಲ, ಕಪ್ಪು ಭಾಗ ತೇಪೆ ತೇಪೆಯಾಗಿ ಕಾಣುತ್ತದೆ. ಬಿಸಿ ಉರುಳೆಯಲ್ಲಿ ಆ ನೀರು ಆವಿಯಾಗಿ ಹಾಳೆ ಸುರುಳಿಗೊಳ್ಳುವುದೂ ಉಂಟು. ಫೆಬ್ರವರಿ, ಮಾರ್ಚ್‌ನ ಒಣಹವೆಯಲ್ಲಿ ಇದರ ತದ್ವಿರುದ್ಧ: ಆವೇಶ ಸೋರದೆ ಹಾಳೆಗಳು ಒಂದಕ್ಕೊಂದು ಅಂಟಿ ಎರಡೆರಡು ಒಟ್ಟಿಗೆ ಒಳಹೋಗುತ್ತವೆ. ಬೇಕಾದಷ್ಟೇ ಹಾಳೆ ತೆಗೆದು ಉಳಿದದ್ದನ್ನು ಕಟ್ಟಿನ ಹೊದಿಕೆಯಲ್ಲೇ ಸುತ್ತಿಡುವುದು ಇದಕ್ಕಾಗಿ.

ಅಕ್ಷರವನ್ನು ಬೆರಳಿನಿಂದ ಉಜ್ಜಿದರೆ ಪುಡಿ ಉದುರುತ್ತದೆಯೇ? ಹಾಗಾದರೆ ಬಿಸಿ ಸಾಲದು. ದಪ್ಪ ರಟ್ಟು ಹೆಚ್ಚು ಶಾಖ ಹೀರುತ್ತದೆ. ಯಂತ್ರಕ್ಕೆ ‘ದಪ್ಪ ಕಾಗದ’ ಎಂದು ಮೊದಲೇ ಸೂಚಿಸಬೇಕು. ಉದುರಿದ ಪುಡಿ ಬಟ್ಟೆಗೆ ತಾಗಿದರೆ ಕೊಡವಿ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಇನ್ನಷ್ಟು ಅಂಟಿಕೊಳ್ಳುತ್ತದೆ.

ಯಂತ್ರದೊಳಗೆ ಹೆಚ್ಚಿನ ವೋಲ್ಟೇಜೂ ಸುಡುವ ಉರುಳೆಯೂ ಇರುವುದರಿಂದ ಅದರ ಬಾಗಿಲು ತೆರೆಯುವ ಕೆಲಸ ನಿಮ್ಮದಲ್ಲ. ತೇವದ ಪ್ರಯೋಗವನ್ನು ಮಾತ್ರ ತರಗತಿಯಲ್ಲೇ ಮಾಡಬಹುದು. ಪ್ಲಾಸ್ಟಿಕ್ ಸ್ಕೇಲಿನ ಒಂದು ತುದಿಯನ್ನು ಒಣ ಬಟ್ಟೆಯಿಂದ ಚೆನ್ನಾಗಿ ಉಜ್ಜಿ ರಾಗಿಹಿಟ್ಟಿನ ಹತ್ತಿರ ಹಿಡಿಯಿರಿ, ಹಿಟ್ಟು ಅಂಟುತ್ತದೆ. ಒರೆಸಿ ಮತ್ತೆ ಉಜ್ಜಿ. ಈ ಸಲ ಹಿಟ್ಟಿನ ಹತ್ತಿರ ಹಿಡಿಯುವ ಮೊದಲು ಅದರ ಮೇಲೆ ‘ಹಾ’ ಎಂದು ಬಾಯುಸಿರು ಬಿಡಿ. ಅಂಟುವ ಹಿಟ್ಟು ಎಷ್ಟು ಕಡಿಮೆಯಾಯಿತು ಎಂದು ನೋಡಿ.

ಇನ್ನೊಂದು ಲೆಕ್ಕ ನಿಮಗೆ: ಒಂದು ಹಾಳೆಯಲ್ಲಿ ಪ್ರತಿ 44 ಮಿ.ಮೀ.ಗೊಂದು ಚುಕ್ಕೆ ಇದೆ. ಕೆಟ್ಟಿರುವ ಉರುಳೆಯ ವ್ಯಾಸವೆಷ್ಟು?